ಫ್ರಾಯ್ಡ್ ಸಿಗಾರ್ ಬಿಟ್ಟ ಏಳು ವಾರಗಳು

ಸಿಗ್ಮಂಡ್ ಫ್ರಾಯ್ಡ್‌ನ ಹೆಸರು ಕೇಳಿದೊಡನೆ ಕಣ್ಣ ಮುಂದೆ ಬರುವ ಚಿತ್ರ ಒಂದೇ: ಬಿಳಿಗಡ್ಡ, ಇರಿಯುವಂಥ ನೋಟ, ಬೆರಳುಗಳ ನಡುವೆ ಸಿಗಾರ್. ಆ ಸಿಗಾರನ್ನು ನಾವು ಚಿತ್ರದ ಅಲಂಕಾರವೆಂಬಂತೆ ನೋಡಿ ಸುಮ್ಮನಾಗುತ್ತೇವೆ. ಅವನು ಬರ್ಲಿನ್ನಿನ ಗೆಳೆಯ ವಿಲ್ಹೆಲ್ಮ್ ಫ್ಲೀಸ್‌ಗೆ ಬರೆದ ಪತ್ರಗಳನ್ನು ಓದಿದ ಮೇಲೆ ನನಗೆ ಹಾಗೆ ನೋಡುವುದು ಸಾಧ್ಯವಾಗಿಲ್ಲ. ಮನುಷ್ಯನ ಮನಸ್ಸನ್ನು ಅಷ್ಟು ಆಳಕ್ಕೆ ಅಗೆದವನು 1894ರಲ್ಲಿ ಏಳು ವಾರಗಳ ಕಾಲ ಹೊಗೆಯಿಲ್ಲದೆ ಬದುಕಿದ, ಆಮೇಲೆ ಸೋತ. ಆ ಸೋಲಿನ ಬೆಲೆಯನ್ನು ಉಳಿದ ನಲವತ್ತೈದು ವರ್ಷ ಕಂತುಕಂತಾಗಿ ತೆತ್ತ.

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಈಗಿನ ಝೆಕ್ ಗಣರಾಜ್ಯದಲ್ಲಿರುವ ಮೊರಾವಿಯಾ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ತಂದೆ ಉಣ್ಣೆಯ ವ್ಯಾಪಾರಿ, ಅವನೂ ಧೂಮಪಾನಿಯೇ. ಮಗುವಿಗೆ ನಾಲ್ಕು ವರ್ಷವಾಗುವ ಹೊತ್ತಿಗೆ ಕುಟುಂಬ ವಿಯೆನ್ನಾಕ್ಕೆ ಬಂದು ನೆಲೆಸಿತು. ಫ್ರಾಯ್ಡ್ ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಿಗರೇಟು ಹಿಡಿದ. ಬಹುಬೇಗ ಅದನ್ನು ಬಿಟ್ಟು ಸಿಗಾರಿಗೆ ಬಂದ. 1881ರಲ್ಲಿ ವೈದ್ಯ ಪದವಿ, 1886ರಲ್ಲಿ ಮದುವೆ, 1891ರಿಂದ ಬೆರ್ಗ್‌ಗಾಸ್ಸೆ ಬೀದಿಯ 19ನೆಯ ಸಂಖ್ಯೆಯ ಮನೆ. ದಿನಕ್ಕೆ ಇಪ್ಪತ್ತರವರೆಗೆ ಸಿಗಾರ್ ಸೇದುವುದು ವಾಡಿಕೆಯಾಯಿತು. ದಿನನಿತ್ಯದ ನಡಿಗೆಯ ದಾರಿಯಲ್ಲಿ ತಂಬಾಕಿನ ಅಂಗಡಿಯೂ ಒಂದು ನಿಲ್ದಾಣ.

ವ್ಯಸನವೆಂದರೇನು ಎಂಬುದು ಅವನಿಗೆ ಪುಸ್ತಕದ ವಿಷಯವಾಗಿರಲಿಲ್ಲ. 1884ರಲ್ಲಿ ಕೊಕೇನನ್ನು ಹೊಗಳಿ ಪ್ರಬಂಧ ಬರೆದಿದ್ದ. ಮಾರ್ಫಿನ್‌ನ ದಾಸನಾಗಿದ್ದ ಗೆಳೆಯ ಎರ್ನ್ಸ್ಟ್ ಫ್ಲೈಷ್ಲ್‌ಗೆ ಅದನ್ನೇ ಬದಲಿ ಮದ್ದಾಗಿ ಸೂಚಿಸಿದ್ದ. ಒಂದನ್ನು ಬಿಡಿಸಲು ಹೋಗಿ ಇನ್ನೊಂದು ಅಂಟಿಕೊಂಡಿತು. ಫ್ಲೈಷ್ಲ್ 1891ರಲ್ಲಿ ತೀರಿಕೊಂಡ. ಒಂದು ಹಂಬಲವನ್ನು ಕಿತ್ತರೆ ಅದರ ಜಾಗ ಬರಿದಾಗಿ ಉಳಿಯುವುದಿಲ್ಲ ಎಂಬುದನ್ನು ಫ್ರಾಯ್ಡ್ ಹತ್ತಿರದಿಂದ ಕಂಡಿದ್ದ.

1893ರ ಕೊನೆಯ ಹೊತ್ತಿಗೆ ಅವನ ಹೃದಯ ತೊಂದರೆ ಕೊಡತೊಡಗಿತು. ಫ್ಲೀಸ್ ಮೂಗು ಮತ್ತು ಗಂಟಲಿನ ತಜ್ಞ. ವಿಚಿತ್ರ ಸಿದ್ಧಾಂತಗಳ ಮನುಷ್ಯ. ಮನುಷ್ಯಜೀವನವೆಲ್ಲ 23 ಮತ್ತು 28 ದಿನಗಳ ಆವರ್ತನದಲ್ಲಿ ಸಾಗುತ್ತದೆಂದು ನಂಬಿದ್ದವನು. ಆದರೆ ಸಿಗಾರ್ ಬಿಡು ಎಂಬ ಅವನ ಮಾತು ಮಾತ್ರ ಅಪ್ಪಟ ವೈದ್ಯದ್ದು. ಫ್ರಾಯ್ಡ್ ಮೊದಲು ಕಿವಿಗೊಡಲಿಲ್ಲ. 1894ರ ವಸಂತದಲ್ಲಿ ಎದೆಬಡಿತ ತಾಳ ತಪ್ಪಿತು. ಎದೆಯಲ್ಲಿ ಉರಿ, ಎಡತೋಳಿಗೆ ಇಳಿಯುವ ನೋವು, ಉಸಿರಿನ ತೊಂದರೆ, ಜೊತೆಗೆ ಸಾವಿನ ಮತ್ತು ವಿದಾಯದ ಕಲ್ಪನೆಗಳು. ಆಗ ಅವನಿಗೆ ಮೂವತ್ತೇಳು ವರ್ಷ. ಮನೆಯಲ್ಲಿ ಐವರು ಚಿಕ್ಕ ಮಕ್ಕಳು.

ಹಿರಿಯ ಸಹೋದ್ಯೋಗಿ ಜೋಸೆಫ್ ಬ್ರಾಯರ್‌ಗೆ ಇದು ಹೃದಯದ ಸ್ನಾಯುವಿನ ಹಳೆಯ ರೋಗವಿರಬಹುದೆಂಬ ಸಂಶಯ. ಫ್ಲೀಸ್‌ಗೆ ಎಲ್ಲವೂ ನಿಕೋಟಿನ್‌ನ ಕೆಲಸ. ಇಬ್ಬರೂ ಸೇರಿ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂಬ ಗುಮಾನಿ ಫ್ರಾಯ್ಡ್‌ನನ್ನು ರೋಗಕ್ಕಿಂತ ಹೆಚ್ಚಾಗಿ ಹಿಂಸಿಸಿತು. ಬಿಡುವುದೇ ಕಷ್ಟ, ಯಾಕೆ ಬಿಡಬೇಕೆಂಬುದೇ ಸ್ಪಷ್ಟವಾಗದಿದ್ದರೆ ಅದು ಇಮ್ಮಡಿ ಕಷ್ಟ. ಆದರೂ ಬಿಟ್ಟ.

ಈ ವಾರಗಳ ಬಗ್ಗೆ ಅವನು ಕೊಡುವ ವರದಿ ಒಬ್ಬ ಒಳ್ಳೆಯ ವೈದ್ಯ ಬರೆದ ರೋಗಿಯ ಚರಿತ್ರೆಯಂತಿದೆ. ಆರಂಭದ ದಿನಗಳಲ್ಲಿ ಅವನು ಊಹಿಸಿಯೂ ಇರದಷ್ಟು ಯಾತನೆ. ಹೃದಯದ ಕಾಟ ನಿಲ್ಲಲಿಲ್ಲ, ಮನಸ್ಸು ಕುಗ್ಗಿತು, ಅದರ ಮೇಲೆ ಹೊಗೆಯ ಹಪಹಪಿ. ತುಟಿಗಳ ನಡುವೆ ಬೆಚ್ಚಗಿನದೇನೂ ಇಲ್ಲವೆಂಬುದನ್ನು ಅವನು ದಿನ ಎಣಿಸಿ ಗೆಳೆಯನಿಗೆ ತಿಳಿಸುತ್ತಾನೆ. ಮೂರು ವಾರ ಕಳೆದಾಗ ಒಂದು ಪತ್ರದಲ್ಲಿ ಬೆಳಕು ಕಾಣಿಸುತ್ತದೆ: ಈಗ ಬೇರೆಯವರು ಸೇದುವುದನ್ನು ಹೊಟ್ಟೆಕಿಚ್ಚಿಲ್ಲದೆ ನೋಡಬಲ್ಲೆ, ಸಿಗಾರಿಲ್ಲದ ಬದುಕನ್ನೂ ಕೆಲಸವನ್ನೂ ಮತ್ತೆ ಕಲ್ಪಿಸಿಕೊಳ್ಳಬಲ್ಲೆ ಎಂಬ ಅರ್ಥದ ಮಾತು ಅಲ್ಲಿದೆ. ಐದು ವಾರಗಳ ಹೊತ್ತಿಗೆ ಹೃದಯದ ಲಕ್ಷಣಗಳೂ ಇಳಿದವು. ಅಂದರೆ ಅತಿ ಕಡಿದಾದ ಏರನ್ನು ಅವನು ಹತ್ತಿ ಮುಗಿಸಿದ್ದ. ಏಳು ವಾರ ಕಳೆದ ಮೇಲೆ, ಕೊಟ್ಟ ಮಾತನ್ನು ಮುರಿದು, ಮತ್ತೆ ಹಚ್ಚಿದ.

ಜೂನ್ ತಿಂಗಳ ಪತ್ರದಲ್ಲಿ ಅವನು ಹೇಳುವ ಕಾರಣ ನನ್ನನ್ನು ಬಹಳ ಕಾಡಿದೆ. ಹಂಬಲ ತಡೆಯಲಾಗಲಿಲ್ಲವೆಂದು ಅವನು ಹೇಳುವುದಿಲ್ಲ. ಅದು ಮೂರನೆಯ ವಾರಕ್ಕೇ ಇಳಿದಿತ್ತು. ಉಳಿದದ್ದು ಬರೆಯಲಾಗದ, ಯೋಚಿಸಲಾಗದ, ಹೊಡೆತ ತಿಂದವನಂಥ ಸ್ಥಿತಿ. ಮೊದಲ ಕೆಲವು ಸಿಗಾರುಗಳೊಂದಿಗೆ ಕೆಲಸ ಮರಳಿತು, ಚಿತ್ತ ಹತೋಟಿಗೆ ಬಂತು. ಅಲ್ಲಿಗೆ ಅವನಿಗೆ ತೀರ್ಪು ಸಿಕ್ಕಿತು: ಸಿಗಾರ್ ಇಲ್ಲದೆ ತಾನು ತಾನಲ್ಲ.

ಇಂದು ವೈದ್ಯವಿಜ್ಞಾನಕ್ಕೆ ಗೊತ್ತಿರುವುದನ್ನು ಆ ಪತ್ರದ ಪಕ್ಕದಲ್ಲಿಟ್ಟು ನೋಡಿದರೆ ಅವನ ಎಣಿಕೆ ಎಷ್ಟು ನಿಖರ ಎಂದು ಬೆರಗಾಗುತ್ತದೆ. ನಿಕೋಟಿನ್ ಬಿಟ್ಟವರ ಚಡಪಡಿಕೆ, ಸಿಡುಕು, ನಿದ್ರಾಭಂಗ, ಏಕಾಗ್ರತೆಯ ನಾಶ ಇವೆಲ್ಲ ಮೊದಲ ವಾರದಲ್ಲಿ ತಾರಕಕ್ಕೇರಿ, ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಒಂದೊಂದು ಹಪಹಪಿಯ ಅಲೆಯ ಆಯುಸ್ಸು ಕೆಲವೇ ನಿಮಿಷ. ಆದರೆ ಮೇಜು, ಲೇಖನಿ, ಊಟದ ನಂತರದ ಹೊತ್ತು, ರೋಗಿ ಎದ್ದುಹೋದ ಮೇಲಿನ ಮೌನ ಇವುಗಳಿಗೆ ಹದಿನಾಲ್ಕು ವರ್ಷ ಹೊಗೆಯೊಂದಿಗೇ ಬಾಳಿದ ಅಭ್ಯಾಸ. ದೇಹ ಮರೆತರೂ ಅವು ಮರೆಯುವುದಿಲ್ಲ; ಅವನ್ನು ಒಂದೊಂದಾಗಿ ಹೊಸದಾಗಿ ಪಳಗಿಸಬೇಕು, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಪಾವ್ಲೋವ್‌ನ ನಾಯಿಗಳ ಸುದ್ದಿ ಲೋಕಕ್ಕೆ ತಿಳಿಯಲು ಇನ್ನೂ ಕೆಲವು ವರ್ಷ ಬೇಕಿತ್ತು. ಮೇಲಾಗಿ, ಸಾವಿನ ಭಯ ಹೊಕ್ಕ ಮನುಷ್ಯ ಖಿನ್ನನಾಗಲು ಸಿಗಾರ್ ಬಿಟ್ಟಿರಬೇಕೆಂದೇನೂ ಇಲ್ಲ. ಫ್ರಾಯ್ಡ್ ತನ್ನ ಎಲ್ಲ ಕತ್ತಲೆಯನ್ನೂ ಒಂದೇ ಖಾತೆಗೆ ಬರೆದುಕೊಂಡ. ಇದನ್ನು ಇಚ್ಛಾಶಕ್ತಿಯ ದೌರ್ಬಲ್ಯ ಎನ್ನಲು ನನಗೆ ಮನಸ್ಸಿಲ್ಲ. ಚ್ಯೂಯಿಂಗ್ ಗಮ್ ಇಲ್ಲ, ಪಟ್ಟಿ ಇಲ್ಲ, ದೂರವಾಣಿಯಲ್ಲಿ ಧೈರ್ಯ ಹೇಳುವವರಿಲ್ಲ. ಇದ್ದ ಒಬ್ಬ ಗೆಳೆಯ ಬರ್ಲಿನ್ನಿನಲ್ಲಿ, ಅಂಚೆಯ ದೂರದಲ್ಲಿ. ಮನೆಯೊಳಗೂ ಹೊರಗೂ ಸುತ್ತಲಿನವರೆಲ್ಲ ಸೇದುತ್ತಿದ್ದ ನಗರ ಅದು.

ಮತ್ತೆ ಬಿಟ್ಟ, ಮತ್ತೆ ಹಿಡಿದ. ಹದಿನಾಲ್ಕು ತಿಂಗಳ ಸಂಯಮದ ಲೆಕ್ಕವನ್ನು 1895ರ ಜೂನ್‌ನಲ್ಲಿ ಅವನೇ ಹೇಳುತ್ತಾನೆ. ನಡುವೆ ಕದ್ದು ಸೇದಿದ ದಿನಗಳಿದ್ದಂತೆ ಕಾಣುತ್ತದೆ. ಒಳಗಿರುವ ಮನೋವ್ಯಾಪಾರದ ಯಜಮಾನನನ್ನು ಚೆನ್ನಾಗಿ ನೋಡಿಕೊಳ್ಳದಿದ್ದರೆ ಅವನು ದುಡಿಯುವುದಿಲ್ಲವೆಂಬುದು ಈ ಸಲದ ಸಮರ್ಥನೆ. ಆ ಬೇಸಿಗೆಯಿಂದ 1899ರ ಕೊನೆಗೆ ಹೊರಬಂದ ಕನಸುಗಳ ಗ್ರಂಥದವರೆಗಿನ ಅವಧಿ ಅವನ ಬಾಳಿನ ಅತ್ಯಂತ ಫಲವತ್ತಾದ ಕಾಲ. ಹಾಗಾಗಿ ಸಮರ್ಥನೆ ಇನ್ನೂ ಗಟ್ಟಿಯಾಯಿತು. ಸಿಗಾರಿಲ್ಲದ ಫ್ರಾಯ್ಡ್ ಏನು ಬರೆಯುತ್ತಿದ್ದನೋ, ಹೋಲಿಸಿ ನೋಡುವ ಅವಕಾಶ ಯಾರಿಗೂ ಸಿಗಲಿಲ್ಲ.

1897ರ ಡಿಸೆಂಬರ್‌ನ ಪತ್ರವೊಂದರಲ್ಲಿ ಮದ್ಯ, ಮಾರ್ಫಿನ್, ತಂಬಾಕುಗಳೆಲ್ಲ ಬಾಲ್ಯದ ಯಾವುದೋ ಮೂಲ ಚಟದ ಬದಲಿಗಳೆಂದು ಸೂಚಿಸಿ, ಇಂಥವು ವಾಸಿಯಾಗಬಲ್ಲವೇ ಎಂದು ಅವನು ಸಂದೇಹಪಟ್ಟ. ಆಮೇಲೆ ಹೆಚ್ಚುಕಡಿಮೆ ಮೌನ. ಕನಸು, ನಾಲಗೆಯ ತಪ್ಪು, ನಗೆಹನಿ ಏನನ್ನೂ ಬಿಡದೆ ಬಿಡಿಸಿ ನೋಡಿದವನು ತನ್ನ ಬೆರಳ ನಡುವಿನ ವಸ್ತುವನ್ನು ಬಿಡಿಸಿ ನೋಡಲಿಲ್ಲ. (ಸಿಗಾರಿನ ಬಗ್ಗೆ ಅವನ ಹೆಸರಿನಲ್ಲಿ ಓಡಾಡುವ ಪ್ರಸಿದ್ಧ ಚಟಾಕಿಯನ್ನು ಅವನು ಹೇಳಿದ್ದಕ್ಕೆ ಆಧಾರವೇ ಇಲ್ಲ.) 1902ರಿಂದ ಬುಧವಾರದ ಸಂಜೆಗಳಂದು ಶಿಷ್ಯರು ಸೇರುತ್ತಿದ್ದ ಕೋಣೆಯಲ್ಲಿ ಮನುಷ್ಯರು ಹೇಗೆ ಉಸಿರಾಡುತ್ತಿದ್ದರೋ ಎಂದು ಮಗ ಮಾರ್ಟಿನ್ ಮುಂದೆ ಅಚ್ಚರಿಪಟ್ಟಿದ್ದಾನೆ.

1923ರ ಆರಂಭದಲ್ಲಿ ಬಾಯಿಯ ಮೇಲ್ಭಾಗದಲ್ಲಿ ಗಂಟು ಕಾಣಿಸಿತು. ಅವನು ತಿಂಗಳುಗಟ್ಟಲೆ ಯಾರಿಗೂ ಹೇಳಲಿಲ್ಲ. ಸಿಗಾರ್ ಬಿಡಿ ಎಂದಾರೆಂಬ ಭಯವೂ ಅದಕ್ಕೆ ಒಂದು ಕಾರಣ. ಅದು ಕ್ಯಾನ್ಸರ್ ಎಂಬುದನ್ನು ವೈದ್ಯ ಫೆಲಿಕ್ಸ್ ಡಾಯ್ಚ್ ಅವನಿಂದ ಮುಚ್ಚಿಟ್ಟ. 1894ರ ಗುಮಾನಿ ಇಪ್ಪತ್ತೊಂಬತ್ತು ವರ್ಷಗಳ ನಂತರ ನಿಜವಾಗಿ ಎದುರು ಬಂದಿತ್ತು. ಅಕ್ಟೋಬರ್‌ನಲ್ಲಿ ಹಾನ್ಸ್ ಪಿಖ್ಲರ್ ಮೇಲ್ದವಡೆಯ ಭಾಗವನ್ನೂ ಅಂಗುಳನ್ನೂ ಕತ್ತರಿಸಿ ತೆಗೆದ. ಬಾಯಿಗೂ ಮೂಗಿಗೂ ನಡುವಿನ ತೆರವನ್ನು ಮುಚ್ಚಲು ಒಂದು ಕೃತಕ ಅಂಗುಳು. ಹಾಕಲೂ ತೆಗೆಯಲೂ ನರಕ. ಮುಂದಿನ ಹದಿನಾರು ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಸರಿಯಾಗಿ ತೆರೆಯದ ಆ ಬಾಯಿಯಲ್ಲೂ ಸಿಗಾರ್ ಇತ್ತು.

1930ರ ವಸಂತದಲ್ಲಿ ಹೃದಯ ಮತ್ತೆ ಎಚ್ಚರಿಸಿದಾಗ ಪೂರ್ತಿ ಬಿಟ್ಟ. ಐವತ್ತು ವರ್ಷ ಬದುಕಿನ ಹೋರಾಟದಲ್ಲಿ ಗುರಾಣಿಯೂ ಆಯುಧವೂ ಆಗಿದ್ದುದನ್ನು ಕೈಬಿಟ್ಟೆ, ಆರೋಗ್ಯ ಸುಧಾರಿಸಿದೆ, ಸುಖ ಹೆಚ್ಚಿಲ್ಲ ಎಂದು ಲೂ ಆಂದ್ರೆಯಾಸ್ ಸಲೋಮೆಗೆ ತಿಳಿಸಿದ. ಕೆಲವೇ ವಾರಗಳಲ್ಲಿ ದಿನಕ್ಕೊಂದು, ಬಳಿಕ ಇನ್ನಷ್ಟು.

1938ರ ಜೂನ್‌ನಲ್ಲಿ ನಾಜಿಗಳ ವಶವಾದ ವಿಯೆನ್ನಾವನ್ನು ತೊರೆದು ಲಂಡನ್ ಸೇರಿದ. ಮರುವರ್ಷ ರೋಗ ಕೈಮೀರಿತು. ವೈದ್ಯ ಮ್ಯಾಕ್ಸ್ ಶೂರ್‌ನಿಂದ ಅವನು ಮೊದಲ ಭೇಟಿಯಲ್ಲೇ ಬೇಡಿದ್ದು ಎರಡು: ಎಂದೂ ಸುಳ್ಳು ಹೇಳಬಾರದು, ಕಾಲ ಬಂದಾಗ ವೃಥಾ ನರಳಿಸಬಾರದು. ಶೂರ್ ಎರಡನ್ನೂ ನಡೆಸಿಕೊಟ್ಟ. ಮಾರ್ಫಿನ್‌ನ ನಿದ್ದೆಯಲ್ಲಿ 1939ರ ಸೆಪ್ಟೆಂಬರ್ 23ರಂದು ಫ್ರಾಯ್ಡ್ ತೀರಿಕೊಂಡ.

ಆ ಏಳು ವಾರಗಳ ವಿಷಯ ನಮಗೆ ತಿಳಿಯಬಾರದೆಂಬುದೇ ಅವನ ಇಚ್ಛೆಯಾಗಿತ್ತು. ಫ್ಲೀಸ್‌ನ ಮರಣಾನಂತರ ಪತ್ರಗಳು ಮಾರಾಟಕ್ಕೆ ಬಂದಾಗ ಶಿಷ್ಯೆ ಮರೀ ಬೋನಪಾರ್ಟ್ 1937ರಲ್ಲಿ ಅವನ್ನು ಕೊಂಡಳು. ನಾಶಮಾಡಬೇಕೆಂದು ಗುರು ಬಯಸಿದರೂ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಅವು ಪ್ಯಾರಿಸ್‌ನ ಡ್ಯಾನಿಶ್ ರಾಯಭಾರ ಕಚೇರಿಯಲ್ಲಿದ್ದು, ಆಮೇಲೆ ಸ್ಫೋಟಕಗಳು ಹುದುಗಿದ್ದ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದವು. ಹಡಗು ಮುಳುಗಿದರೂ ತೇಲಲಿ ಎಂದು ಕಟ್ಟನ್ನು ನೀರು ನುಗ್ಗದ ಹೊದಿಕೆಯಲ್ಲಿ ಸುತ್ತಲಾಗಿತ್ತು.