ಪ್ರೋಟೀನಿಗೆ ನಕ್ಷೆ ಬರೆದ ರಾಮಚಂದ್ರನ್

ರಾಜಾಜಿನಗರದ ದರ್ಶಿನಿಯಲ್ಲಿ ಮುಂಜಾನೆ ಕುಡಿದ ಫಿಲ್ಟರ್ ಕಾಫಿ ಮಂಪರನ್ನು ಓಡಿಸುವುದು ಹೇಗೆ? ಮಿದುಳಿನ ಜೀವಕೋಶಗಳ ಹೊರಪೊರೆಯಲ್ಲಿ ಅಡೆನೊಸಿನ್ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಅಡೆನೊಸಿನ್ ಬಂದು ಅವುಗಳಿಗೆ ಅಂಟಿಕೊಂಡರೆ ಆಯಾಸದ ಸಂಕೇತ ಕೋಶದೊಳಗೆ ತಲುಪುತ್ತದೆ. ಕೆಫೀನ್ ಆ ಜಾಗದಲ್ಲಿ ತಾನೇ ಕುಳಿತು ಅದನ್ನು ತಡೆಯುತ್ತದೆ. ಈ ಗ್ರಾಹಕಗಳಲ್ಲೊಂದಾದ ಎ2ಎ ಪ್ರೋಟೀನಿನಲ್ಲಿ 412 ಅಮೈನೋ ಆಮ್ಲಗಳಿದ್ದು, ಅದರ ಸರಪಳಿ ಏಳು ಸುರುಳಿಗಳಾಗಿ ಪೊರೆಯನ್ನು ಹಾಯುತ್ತದೆ. ಅದರ ರಚನೆ 2008ರಲ್ಲಿ ಬೆಳಕಿಗೆ ಬಂದಿತು. ಇಂತಹ ರಚನೆಗಳನ್ನು ವಿಜ್ಞಾನಿಗಳು ಇಂದಿಗೂ ಒರೆಗೆ ಹಚ್ಚುವುದು ಜಿ.ಎನ್. ರಾಮಚಂದ್ರನ್ ಅವರ ಹೆಸರಿನ ನಕ್ಷೆಯಿಂದ.

ಎರ್ನಾಕುಲಂನಲ್ಲಿ 1922ರ ಅಕ್ಟೋಬರ್ 8ರಂದು ಜನಿಸಿದ ರಾಮಚಂದ್ರನ್, 1942ರಲ್ಲಿ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಸರ್ ಸಿ.ವಿ. ರಾಮನ್ ಅವರ ಸೆಳೆತ ಅವರನ್ನು ಭೌತಶಾಸ್ತ್ರಕ್ಕೆ ಎಳೆದು ತಂದಿತು. ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮುಗಿಸಿ ಮರಳಿದ ಅವರು 1952ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಚರ್ಮ ಹಾಗೂ ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಪ್ರೋಟೀನನ್ನು. ಕಾಂಗರೂ ಬಾಲದ ರಜ್ಜುವಿನ ಎಕ್ಸ್-ರೇ ಚಿತ್ರಗಳ ನೆರವಿನಿಂದ, ಗೋಪಿನಾಥ್ ಕರ್ತಾ ಅವರೊಡನೆ, ಮೂರೆಳೆ ಹೆಣೆದ ಮಾದರಿಯೊಂದನ್ನು 1954ರಲ್ಲಿ ಮುಂದಿಟ್ಟರು. ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಗ್ಸಾಂಡರ್ ರಿಚ್ ಆಕ್ಷೇಪವೆತ್ತಿದರು. ಆ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ಮಿತಿಮೀರಿ ಹತ್ತಿರವಿವೆ ಎಂಬುದು ಅವರ ವಾದ. ಮೂರೆಳೆಯ ಮೂಲ ಕಲ್ಪನೆ ಉಳಿಯಿತು. ಹೈಡ್ರೋಜನ್ ಬಂಧಗಳ ಲೆಕ್ಕದಲ್ಲಿ ಮಾತ್ರ ಕ್ರಿಕ್ ಪಕ್ಷವೇ ಮೇಲಾಯಿತೆನ್ನಬೇಕು.

ಆದರೆ ಆ ಆಕ್ಷೇಪವೇ ವರವಾಯಿತು. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು? ಅದುವರೆಗೆ ತಿಳಿದಿದ್ದ ಸ್ಫಟಿಕ ರಚನೆಗಳನ್ನೆಲ್ಲ ಜಾಲಾಡಿ ಅವರ ತಂಡ ಕನಿಷ್ಠ ಅಂತರಗಳನ್ನು ಗೊತ್ತುಮಾಡಿತು. ಪ್ರೋಟೀನ್ ಸರಪಳಿಯ ಪ್ರತಿ ಕೊಂಡಿಯೂ ಮುಖ್ಯವಾಗಿ ಎರಡು ಕಡೆ ತಿರುಗಬಲ್ಲದು. ಆ ಎರಡು ಕೋನಗಳಿಗೆ ಫೈ, ಸೈ ಎಂದು ಹೆಸರು. ಯಾವ ಜೋಡಿ ಕೋನಗಳಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುವುದಿಲ್ಲವೋ ಅವು ನಕ್ಷೆಯಲ್ಲಿ ಅನುಮತ ಪ್ರದೇಶಗಳು, ಉಳಿದದ್ದು ನಿಷಿದ್ಧ. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಡನೆ 1963ರಲ್ಲಿ ಪ್ರಕಟವಾದ ಈ ನಕ್ಷೆಗೆ ದುಬಾರಿ ಉಪಕರಣವೇನೂ ಬೇಕಾಗಿರಲಿಲ್ಲ. ಗ್ರಾಹಕದ ಏಳು ಸುರುಳಿಗಳೂ ಅನುಮತ ಪ್ರದೇಶದ ಒಂದು ಪುಟ್ಟ ಮೂಲೆಯಲ್ಲೇ ಗುಂಪುಗೂಡುತ್ತವೆ. ಹಲವು ಬಿಂದುಗಳು ನಿಷಿದ್ಧ ಭಾಗಕ್ಕೆ ಬಿದ್ದರೆ ರಚನೆಯನ್ನೇ ಮತ್ತೆ ಪರಿಶೀಲಿಸಬೇಕಾಗುತ್ತದೆ.

1970ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿದ ಅವರು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತಶಾಸ್ತ್ರ ಘಟಕವನ್ನು ಕಟ್ಟಿದರು. ಸಿ.ಟಿ. ಸ್ಕ್ಯಾನ್‌ನ ಚಿತ್ರ ಮರುರಚನೆಗೆ ನೆರವಾದ ಗಣಿತ ವಿಧಾನವನ್ನು 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಪ್ರಕಟಿಸಿದ್ದೂ ಇವರೇ. 1977ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು. ನೊಬೆಲ್ ಮಾತ್ರ ಬರಲಿಲ್ಲ.

ಪಾರ್ಕಿನ್ಸನ್ ರೋಗದಿಂದ ಬಳಲಿದ್ದ ಅವರು 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು. ಎ2ಎ ಗ್ರಾಹಕದ ರಚನೆ ಹೊರಬಂದದ್ದು ಏಳು ವರ್ಷಗಳ ಬಳಿಕ.