ತಲೆಯ ಮೇಲೆ ಇಟ್ಟ ಚಪ್ಪಲಿ

ಮಿನಿಮಲ್ ಡಿಸೈನ್ ಅಂದ ಕೂಡಲೇ ನಮಗೆ ನೆನಪಾಗುವುದು ಫಾರಿನ್ ಬ್ರ್ಯಾಂಡಿನ ಲೆದರ್ ಬ್ಯಾಗ್. ಒಂದೇ ಬಣ್ಣ, ಕೈಹೊಲಿಗೆ, ಎದ್ದು ಕಾಣುವ ಲೋಗೋ ಕೂಡ ಇಲ್ಲ. ರೇಟ್ ಮಾತ್ರ ಕೇಳಬೇಡಿ. ಆದರೆ ಕನ್ನಡ ನಾಡಿನಲ್ಲಿ ಚರ್ಮದ ಕೈಕೆಲಸದ ಕತೆ ಅಂದ್ರೆ ಮೊದಲು ಬರುವುದು ಒಂದು ಜೊತೆ ಚಪ್ಪಲಿ. ಅದನ್ನು ಮಾಡಿದವರು ಸಮಗಾರ ಹರಳಯ್ಯ.

12ನೇ ಶತಮಾನ. ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಬರೀ ಕಲ್ಯಾಣ, ಬಿಜ್ಜಳನ ರಾಜಧಾನಿ. ಹರಳಯ್ಯ ಮತ್ತು ಹೆಂಡತಿ ಕಲ್ಯಾಣಮ್ಮ ಅಲ್ಲಿ ಚಪ್ಪಲಿ ಹೊಲಿದು ಬದುಕುತ್ತಿದ್ದರು. ಅದು ಸುಲಭದ ಕೆಲಸ ಅಲ್ಲ. ಹಸಿ ಚರ್ಮ ಹಾಗೇ ಬಿಟ್ಟರೆ ಕೊಳೀತದೆ. ಸುಣ್ಣದಲ್ಲಿ ನೆನೆಸಿ ಕೂದಲು ತೆಗೆದು, ಮರದ ತೊಗಟೆ ಹಾಕಿದ ನೀರಿನಲ್ಲಿ ದಿನಗಟ್ಟಲೆ ಇಟ್ಟು ಹದ ಮಾಡಬೇಕು. ತೊಗಟೆಯ ಟ್ಯಾನಿನ್ ಚರ್ಮದ ಕೊಲಾಜೆನ್ ನಾರುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ತದೆ, ಮತ್ತೆ ಅದು ಕೊಳೆಯುವುದಿಲ್ಲ. ಪೂರಾ ಕೆಮಿಸ್ಟ್ರಿ! ಆದರೆ ಈ ವಿದ್ಯೆ ಗೊತ್ತಿದ್ದವರನ್ನೇ ಸಮಾಜ ದೂರ ಇಟ್ಟಿತ್ತು. ಚಪ್ಪಲಿ ಬೇಕು, ಮಾಡಿದ ಕೈ ಬೇಡ.

ಜನ ಹೇಳಿಕೊಂಡು ಬಂದ ಕತೆ ಹೀಗುಂಟು. ಒಂದು ದಿನ ದಾರಿಯಲ್ಲಿ ಬಸವಣ್ಣನವರು ಸಿಕ್ಕಿದರು. ಹರಳಯ್ಯ ಶರಣು ಎಂದರು. ರಾಜ್ಯದ ಮಂತ್ರಿಯಾಗಿದ್ದ ಬಸವಣ್ಣ ತಿರುಗಿ ಶರಣು ಶರಣಾರ್ಥಿ ಎಂದರು. ತಾನು ಒಮ್ಮೆ ನಮಸ್ಕರಿಸಿದ್ದಕ್ಕೆ ಅವರು ಎರಡು ಸಲ! ಆ ಹೆಚ್ಚಿನ ಒಂದು ಶರಣು ಹರಳಯ್ಯನವರಿಗೆ ಸಾಲದ ಹಾಗೆ ಭಾರವಾಯಿತು. ಗಂಡ ಬಲತೊಡೆಯ ಚರ್ಮ, ಹೆಂಡತಿ ಎಡತೊಡೆಯ ಚರ್ಮ ಕೊಟ್ಟು ಬಸವಣ್ಣನವರಿಗೆ ಚಪ್ಪಲಿ ಹೊಲಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡರು.

ಇದು ಹೀಗೇ ನಡೆಯಿತಾ ಅಂತ ಲ್ಯಾಬಿನಲ್ಲಿ ಟೆಸ್ಟ್ ಮಾಡಲು ಆಗುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ನಾವು ಕೇಳುವ ಕತೆಯಲ್ಲಿ ಆ ಚಪ್ಪಲಿಗೆ ಬಣ್ಣ ಇಲ್ಲ, ಕಸೂತಿ ಇಲ್ಲ. ಅದರ ಬೆಲೆ ಪೂರಾ ಇರುವುದು ಮಾಡಿದವರಲ್ಲಿ.

ಮುಂದಿನದ್ದು ಕಷ್ಟದ ಭಾಗ. ಹರಳಯ್ಯನವರ ಮಗ ಶೀಲವಂತನಿಗೂ ಬ್ರಾಹ್ಮಣರಾಗಿ ಹುಟ್ಟಿ ಶರಣರಾಗಿದ್ದ ಮಧುವರಸರ ಮಗಳು ಲಾವಣ್ಯಳಿಗೂ ಮದುವೆಯಾಯಿತು. ಜಾತಿ ಇಲ್ಲ ಎನ್ನುವ ಮಾತು ಮನೆಯ ಒಳಗೆ ಬಂದಾಗ ಊರು ಸಹಿಸಲಿಲ್ಲ. ಬಿಜ್ಜಳ ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ ಕೊಟ್ಟ, ಅಂದ್ರೆ ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿ ಕೊಲ್ಲುವುದು. ಕಲ್ಯಾಣದಲ್ಲಿ ದಂಗೆ ಎದ್ದಿತು, ಶರಣರು ಚದುರಿಹೋದರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯೂ ಆಯಿತು. ಗಿರೀಶ್ ಕಾರ್ನಾಡರ ತಲೆದಂಡ ನಾಟಕ ನೋಡಿದವರಿಗೆ ಈ ಮದುವೆ ನೆನಪಿರಬಹುದು.

ಹರಳಯ್ಯ ಹೋದರು, ಕಸುಬು ಉಳಿಯಿತು. ಅಥಣಿ, ನಿಪ್ಪಾಣಿ ಕಡೆ ಇವತ್ತೂ ಕೊಲ್ಹಾಪುರಿ ಚಪ್ಪಲಿ ಕೈಯಲ್ಲೇ ತಯಾರಾಗ್ತದೆ. ತೊಗಟೆಯಲ್ಲಿ ಹದ ಮಾಡಿದ ಚರ್ಮ, ಚರ್ಮದ್ದೇ ದಾರ, ಮೊಳೆ ಇಲ್ಲ. ತೆಗೆಯಬಹುದಾದದ್ದನ್ನೆಲ್ಲ ತೆಗೆದ ಮೇಲೆ ಉಳಿದ ಡಿಸೈನ್ ಇದು. 2019ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿತು, ಮಹಾರಾಷ್ಟ್ರದ 4 ಮತ್ತು ಕರ್ನಾಟಕದ 4 ಜಿಲ್ಲೆಗಳಿಗೆ. ನಮ್ಮ ಕಡೆಯವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರಲ್ಲಿ ಪ್ರಾಡಾ ಕಂಪನಿ ಮಿಲಾನಿನ ಫ್ಯಾಷನ್ ಶೋದಲ್ಲಿ ಇದೇ ತರದ ಚಪ್ಪಲಿ ತೋರಿಸಿತು, ಎಲ್ಲಿಂದ ಬಂತು ಅಂತ ಮೊದಲು ಹೇಳಲೇ ಇಲ್ಲ. ಇಲ್ಲಿ ಗಲಾಟೆ ಆದ ಮೇಲೆ ಒಪ್ಪಿಕೊಂಡಿತು. ಅಲ್ಲಿಯೂ ಅದೇ ಕತೆ ನೋಡಿ: ಚಪ್ಪಲಿ ಬೇಕು, ಮಾಡಿದವರ ಹೆಸರು ಬೇಡ.

ನಾವೇನು ಕಮ್ಮಿ? ಬ್ಯಾಗಿನ ಪಟ್ಟಿ ಕಿತ್ತುಹೋದಾಗ ರಸ್ತೆ ಬದಿ ಕುಳಿತು ಹೊಲಿಯುವವರ ಹತ್ತಿರ ಹೋಗ್ತೇವೆ. ಮೊಬೈಲಿನಿಂದ ಕಣ್ಣು ತೆಗೆಯದೆ ಬ್ಯಾಗ್ ಚಾಚಿ, ಹತ್ತು ರೂಪಾಯಿಗೆ ಚರ್ಚೆ ಮಾಡ್ತೇವೆ. ಕಬಕ ಇರಲಿ, ಪುತ್ತೂರು ಇರಲಿ, ಮುಂದಿನ ಸಲ ಹೋದಾಗ ಮೊದಲು ಒಂದು ನಮಸ್ಕಾರ ಹೇಳುವ. ಅವರು ತಿರುಗಿ ಹೇಳಿದರೆ, ಇನ್ನೊಂದು ಹೆಚ್ಚು ಹೇಳುವ.