ಮಂಗಳೂರಿನ ಮಗಳು ಕಮಲಾದೇವಿ

ಗೋವೆಯಿಂದ ಕಡಲ ದಂಡೆ ಹಿಡಿದು ತೆಂಕಣಕ್ಕೆ ಹೊರಟರೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳಗಳನ್ನು ದಾಟಿ ಕೊನೆಗೆ ಮಂಗಳೂರು ಸಿಗುತ್ತದೆ. ಹೊಟ್ಟೆಪಾಡಿಗಾಗಿ ನಾವು ಕನ್ನಡಿಗರು ಈ ದಾರಿಯಲ್ಲಿ ಉತ್ತರಕ್ಕೆ ಬಂದೆವು. ನಾಲ್ಕೈದು ಶತಮಾನಗಳ ಹಿಂದೆ ಪೋರ್ತುಗೀಜರ ಕಾಲದಲ್ಲಿ ಇದೇ ದಾರಿಯಲ್ಲಿ ಅನೇಕ ಸಾರಸ್ವತ ಮನೆತನಗಳು ಗೋವೆಯನ್ನು ಬಿಟ್ಟು ದಕ್ಷಿಣಕ್ಕೆ ಹೋದವು. ಅವರಲ್ಲಿ ಕೆಲವರು ಭಟ್ಕಳದ ಹತ್ತಿರದ ಶಿರಾಲಿಯ ಚಿತ್ರಾಪುರ ಮಠದ ಶಿಷ್ಯರಾಗಿ ಕನ್ನಡ ನಾಡಿನಲ್ಲಿ ನೆಲೆ ನಿಂತರು. ಅಂಥ ಒಂದು ಮನೆತನದಲ್ಲಿ 1903ರ ಏಪ್ರಿಲ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಕರಕುಶಲ ವಸ್ತುಗಳ ಮಳಿಗೆಗಳಲ್ಲಿ ಅವರ ಭಾವಚಿತ್ರವನ್ನು ಅನೇಕರು ನೋಡಿರಬಹುದು. ನಾವಿಲ್ಲಿ ಹೇಳಹೊರಟಿರುವುದು ಅವರ ಬಾಳಿನ ಇನ್ನೊಂದು ಭಾಗವನ್ನು. ಒಬ್ಬ ಹುಡುಗಿಯ ಬಾಳಿನ ಬೀಗದ ಕೈ ಯಾರ ಸೊಂಟದಲ್ಲಿರಬೇಕು, ಮನೆಯವರದೇ, ಕಾಯಿದೆಯದೇ, ಪೊಲೀಸರದೇ, ಅಥವಾ ಅವಳದೇ ಎಂಬ ಪ್ರಶ್ನೆ ಅವರಿಗೆ ಏಳನೆಯ ವಯಸ್ಸಿನಲ್ಲೇ ಎದುರಾಯಿತು.

ತಂದೆ ಅನಂತಯ್ಯ ಧಾರೇಶ್ವರರು ಜಿಲ್ಲೆಯ ಕಲೆಕ್ಟರರಾಗಿದ್ದವರು. ತಾಯಿ ಗಿರಿಜಾಬಾಯಿಯವರು ಓದು ಬರಹ ಬಲ್ಲ, ಸ್ವಂತ ಅಭಿಪ್ರಾಯವುಳ್ಳ ಹೆಂಗಸು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಕಮಲೆಗೆ ಏಳು ವರ್ಷವಾಗಿದ್ದಾಗ ತಂದೆ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಹಿಂದೂ ಕಾಯಿದೆಯಂತೆ ಆಸ್ತಿಯೆಲ್ಲ ತಂದೆಯ ಮೊದಲ ಹೆಂಡತಿಯ ಮಗನಿಗೆ ಹೋಯಿತು. ವಿಧವೆಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ನಿನ್ನೆಯವರೆಗೆ ತಮ್ಮದಾಗಿದ್ದ ಮನೆ ಒಂದು ಸಾವಿನಿಂದ ಪರರ ಮನೆಯಾಯಿತು. ಇದರಲ್ಲಿ ಮೋಸವೇನೂ ಇರಲಿಲ್ಲ. ಎಲ್ಲವೂ ಕಾಯಿದೆಯ ಪ್ರಕಾರವೇ ನಡೆದಿತ್ತು ಎಂಬುದನ್ನು ಗಮನಿಸಬೇಕು. ಗಿರಿಜಾಬಾಯಿಯವರು ಆ ಜೀವನಾಂಶವನ್ನು ಬೇಡವೆಂದು ಬಿಟ್ಟು, ತವರಿನಿಂದ ತಮಗೆ ಬಂದಿದ್ದ ಸೊತ್ತಿನಿಂದಲೇ ಮಕ್ಕಳನ್ನು ಬೆಳೆಸಲು ನಿರ್ಧರಿಸಿದರು. ಕಮಲಾದೇವಿಯವರ ಮುಂದಿನ ಸಾಹಸಗಳೆಲ್ಲದರ ಬೇರು ಈ ತಾಯಿಯ ಒಂದು ನಿರಾಕರಣೆಯಲ್ಲಿದೆ ಎಂದು ನಮಗೆ ತೋರುತ್ತದೆ.

ಗೋವೆಯಲ್ಲಿರುವ ನಮಗೆ ಇಲ್ಲೊಂದು ಮಾತು ನೆನಪಾಗದೆ ಇರದು. ಆಗ ಇಲ್ಲಿ ಜಾರಿಯಲ್ಲಿದ್ದದ್ದು ಪೋರ್ತುಗೀಜರ 1867ರ ನಾಗರಿಕ ಸಂಹಿತೆ. ಅದರಂತೆ ತಂದೆತಾಯಿಯರ ಆಸ್ತಿಯಲ್ಲಿ ಗಂಡಿಗೂ ಹೆಣ್ಣಿಗೂ ಸಮಪಾಲು. ಮುಂದೆ ಮದುವೆಯ ನೋಂದಣಿಯೂ ಕಡ್ಡಾಯವಾಗಿ, ವಧೂವರರಿಬ್ಬರೂ ಕಚೇರಿಗೆ ಹೋಗಿ ಸಹಿ ಹಾಕಬೇಕಾಯಿತು. ಗೋವೆಯ ಮೂಲ ನಿವಾಸಿಗಳಿಗೆ ಈ ಸಂಹಿತೆ ಇಂದೂ ಅನ್ವಯಿಸುತ್ತದೆ. ಕಾಗದದ ಮೇಲಿನ ಪಾಲು ಕೈಗೆ ಬರುವುದು ಬೇರೆ ಮಾತು. ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಂಡು ಪಾಲು ಬಿಡಿಸುವುದು ಇಲ್ಲಿಯೂ ಉಂಟು. ಆದರೂ ತಮ್ಮ ಹಿರಿಯರು ಬಿಟ್ಟುಬಂದ ಈ ನೆಲದಲ್ಲಿಯೇ ಕಮಲಾ ಹುಟ್ಟಿದ್ದರೆ ತಂದೆಯ ಆಸ್ತಿ ಅವಳಿಗೆ ಪೂರ್ತಿ ಇಲ್ಲವಾಗುತ್ತಿರಲಿಲ್ಲ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ.

ಸೋದರಮಾವನ ಮನೆ ಆ ದಿನಗಳಲ್ಲಿ ದೊಡ್ಡವರು ಬಂದು ಹೋಗುವ ತಾಣವಾಗಿತ್ತು. ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿ, ರಮಾಬಾಯಿ ರಾನಡೆ, ಆನಿ ಬೆಸೆಂಟ್ ಮೊದಲಾದವರ ಮಾತುಗಳು ಬಾಲೆಯ ಕಿವಿಗೆ ಬಿದ್ದವು. ಇಷ್ಟಿದ್ದೂ ಅಕ್ಕ ಸಗುಣೆಗೆ ಎಳೆಯ ವಯಸ್ಸಿನಲ್ಲೇ ಮದುವೆಯಾಯಿತು. ಸ್ವಲ್ಪ ಕಾಲದಲ್ಲೇ ಅವಳು ತೀರಿಕೊಂಡಳು. 1917ರಲ್ಲಿ ಕಮಲೆಗೂ ಹದಿನಾಲ್ಕನೆಯ ವಯಸ್ಸಿನಲ್ಲಿ ಮದುವೆ ಮಾಡಿದರು. ರಮಾಬಾಯಿಯಂಥವರ ಮಾತು ಕೇಳಿದ, ಜೀವನಾಂಶವನ್ನೇ ಬೇಡವೆಂದ ತಾಯಿಯೂ ಮಗಳ ಮದುವೆಯ ವಿಷಯದಲ್ಲಿ ರೂಢಿಗೆ ತಲೆಬಾಗಿದರಲ್ಲ ಎಂದು ಓದುವವರಿಗೆ ಆಶ್ಚರ್ಯವಾಗಬಹುದು. ನಮಗೆ ಹಾಗೆನಿಸುವುದಿಲ್ಲ. ಊರಿನ ಬಾಯಿಗೆ ಹೆದರದ ಮನೆ ಯಾವುದು? ಹುಡುಗಿಗೆ ಇಷ್ಟೇ ವಯಸ್ಸಾಗಿರಬೇಕೆಂದು ಹೇಳುವ ಕಾಯಿದೆ ಆಗ ಇರಲೇ ಇಲ್ಲ.

1919ರಲ್ಲಿ ಪತಿ ಕೃಷ್ಣರಾಯರು ತೀರಿಕೊಂಡರು. ಹದಿನಾರರ ವಿಧವೆ! ಅಂದಿನ ವಿಧವೆಯ ಪಾಡನ್ನು ಹಿರಿಯರು ಬಲ್ಲರು, ಹೆಚ್ಚು ಹೇಳಬೇಕಾದ್ದಿಲ್ಲ. ಗಿರಿಜಾಬಾಯಿಯವರು ಈ ಸಲ ರೂಢಿಗೆ ತಲೆಬಾಗಲಿಲ್ಲ. ಮಗಳು ಓದನ್ನು ಮುಂದುವರಿಸಿದಳು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸುಹಾಸಿನಿ ಚಟ್ಟೋಪಾಧ್ಯಾಯ ಎಂಬ ಗೆಳತಿ ದೊರೆತಳು. ಅವಳ ಅಣ್ಣ ಹರೀಂದ್ರನಾಥರು ಕವಿ, ನಾಟಕಕಾರ, ನಟ. ಅಕ್ಕ ಸರೋಜಿನಿ ನಾಯ್ಡು. ಕಮಲಾದೇವಿ ಹರೀಂದ್ರನಾಥರನ್ನು ಮದುವೆಯಾಗಲು ನಿಶ್ಚಯಿಸಿದರು. ವಿಧವಾ ವಿವಾಹಕ್ಕೆ ಅವಕಾಶ ಕೊಡುವ ಕಾಯಿದೆ 1856ರಷ್ಟು ಹಿಂದೆಯೇ ಬಂದಿತ್ತು. ಆದರೆ ಅದನ್ನು ಬಳಸಿಕೊಂಡ ಹೆಣ್ಣುಮಕ್ಕಳೆಷ್ಟು? ವಿಧವೆ, ಮೇಲಾಗಿ ಬೇರೆ ಪ್ರಾಂತದ, ಬೇರೆ ಭಾಷೆಯ ವರ. ಸಂಪ್ರದಾಯಸ್ಥರು ಬಹಳ ಮುನಿದರು. ಮದುವೆ ನಡೆಯಿತು.

ಪತಿಪತ್ನಿಯರು ಇಂಗ್ಲೆಂಡಿಗೆ ಹೋದರು. ಕಮಲಾದೇವಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಸ್ವದೇಶಕ್ಕೆ ಮರಳಿ ಸೇವಾದಳ ಸೇರಿದರು. 1926ರಲ್ಲಿ ಮದರಾಸು ಶಾಸನ ಸಭೆಗೆ ಚುನಾವಣೆಗೆ ನಿಂತರು. ಈ ದೇಶದಲ್ಲಿ ಶಾಸನ ಸಭೆಯ ಚುನಾವಣೆಗೆ ಸ್ಪರ್ಧಿಸಿದ ಮೊದಲ ಮಹಿಳೆಯೆಂದು ಅವರ ಹೆಸರು ಹೇಳುತ್ತಾರೆ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಸೋತದ್ದು ಸ್ವಲ್ಪವೇ ಮತಗಳಿಂದ. ನಾಟಕ, ಸಿನೆಮಾಗಳಲ್ಲಿಯೂ ಪಾತ್ರ ಮಾಡಿದರು. ಕೈಲಾಸಂ ಅವರೂ ನಟಿಸಿದ ಮೂಕಚಿತ್ರ 'ಮೃಚ್ಛಕಟಿಕ'ದಲ್ಲಿ ಕಮಲಾದೇವಿಯವರಿದ್ದರು. ಮರ್ಯಾದಸ್ಥ ಮನೆಯ ಹೆಣ್ಣು ರಂಗವನ್ನೇರುವುದೆಂದರೆ ಮೂಗು ಮುರಿಯುತ್ತಿದ್ದ ಕಾಲ ಅದು.

1927ರಲ್ಲಿ ಅಖಿಲ ಭಾರತ ಮಹಿಳಾ ಪರಿಷತ್ತು ಸ್ಥಾಪನೆಯಾದಾಗ ಕಮಲಾದೇವಿಯವರು ಅದರ ಸಂಘಟನಾ ಕಾರ್ಯದರ್ಶಿಯಾದರು. ಆ ವೇಳೆಗೆ ಅಜಮೇರದ ಹರವಿಲಾಸ ಶಾರದಾ ಅವರು ಬಾಲ್ಯವಿವಾಹ ತಡೆಯುವ ಮಸೂದೆಯನ್ನು ಕೇಂದ್ರ ಶಾಸನ ಸಭೆಯಲ್ಲಿ ಮಂಡಿಸಿದ್ದರು. ಪರಿಷತ್ತಿನ ಹೆಂಗಸರು ದೆಹಲಿಗೆ ಹೋಗಿ ಸದಸ್ಯರನ್ನು ಕಂಡು ಮಾತಾಡಿದರು. ಊರೂರುಗಳಲ್ಲಿ ಸಭೆ ಸೇರಿಸಿದರು. ಅಕ್ಕನನ್ನು ಕಳೆದುಕೊಂಡ, ಹದಿನಾಲ್ಕರಲ್ಲಿ ಹಸೆಮಣೆಯೇರಿ ಹದಿನಾರರಲ್ಲಿ ವಿಧವೆಯಾದ ಕಮಲಾದೇವಿಯವರಿಗೆ ಇದು ಪುಸ್ತಕದ ವಿಷಯವಾಗಿರಲಿಲ್ಲ. 1929ರಲ್ಲಿ ಕಾಯಿದೆ ಆಯಿತು. ಹುಡುಗಿಗೆ 14, ಹುಡುಗನಿಗೆ 18 ತುಂಬದೆ ಮದುವೆ ಮಾಡಿದವರು ಅಪರಾಧಿಗಳು. 1930ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ಬಾಗಿಲು ಮುಚ್ಚುವ ಮೊದಲು ನುಗ್ಗುವವರ ಹಾಗೆ, ಜನ ಅವಸರದಿಂದ ತೊಟ್ಟಿಲ ಕೂಸುಗಳಿಗೂ ಮದುವೆ ಮಾಡಿ ಮುಗಿಸಿದರು.

ಈ ಕಾಯಿದೆಯಲ್ಲಿ ಪೊಲೀಸರಿಗೆ ಯಾವ ಕೆಲಸವಿತ್ತು? ಹೆಚ್ಚೇನೂ ಇರಲಿಲ್ಲ. ಕಣ್ಣೆದುರೇ ಎಂಟು ವರ್ಷದ ಹುಡುಗಿಯ ಮದುವೆ ನಡೆದರೂ ಫೌಜುದಾರರು ತಾವಾಗಿ ಯಾರನ್ನೂ ಹಿಡಿಯುವಂತಿರಲಿಲ್ಲ. ಯಾರಾದರೊಬ್ಬರು ಮ್ಯಾಜಿಸ್ಟ್ರೇಟರಲ್ಲಿಗೆ ಹೋಗಿ ದೂರು ಕೊಡಬೇಕು, ಒಂದು ವರ್ಷದೊಳಗೆ ಕೊಡಬೇಕು, ನೂರು ರೂಪಾಯಿಯವರೆಗಿನ ಮುಚ್ಚಳಿಕೆಯನ್ನೂ ಬರೆದುಕೊಡಬೇಕಾಗುತ್ತಿತ್ತು. ಅಂದಿನ ನೂರು ರೂಪಾಯಿ! ನೆರೆಮನೆಯ ಹುಡುಗಿಗಾಗಿ ಯಾರು ಅಷ್ಟು ಮಾಡಿಯಾರು? ತಂದೆಗೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಸಾವಿರ ರೂಪಾಯಿ ದಂಡ. ಶಿಕ್ಷೆಯಾದರೂ ಆ ಮದುವೆ ಮಾತ್ರ ಊರ್ಜಿತವೇ. ಸರಕಾರ ಕಾಯಿದೆಯನ್ನು ಕೊಟ್ಟಿತು, ಅದಕ್ಕೆ ಕೈಗಳನ್ನು ಕೊಡಲಿಲ್ಲ ಎಂದೇ ನಾವು ಹೇಳಬೇಕಾಗುತ್ತದೆ.

ಆದರೆ ಅದೇ ಸರಕಾರದ ಪೊಲೀಸರಿಗೆ ಬೇರೆ ಕಡೆ ಕೈಗಳು ಬೇಕಾದಷ್ಟಿದ್ದವು. ಶಾರದಾ ಕಾಯಿದೆ ಜಾರಿಗೆ ಬಂದ ಐದು ದಿನಕ್ಕೆ, ಏಪ್ರಿಲ್ 6ರಂದು, ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಸಾಬರಮತಿಯಿಂದ ಹೊರಟ ಅವರ ದಂಡಿನಲ್ಲಿ ಹೆಂಗಸರಿರಲಿಲ್ಲ. ಇದು ಸರಿಯಲ್ಲ, ಅಡುಗೆಮನೆಯ ಉಪ್ಪಿನ ಹೋರಾಟದಿಂದ ಹೆಂಗಸರನ್ನೇ ಹೊರಗಿಡಬಾರದು ಎಂದು ಕಮಲಾದೇವಿ ಗಾಂಧೀಜಿಯವರಲ್ಲಿಗೆ ಹೋಗಿ ವಾದಿಸಿ ಒಪ್ಪಿಸಿದರು. ಹಿರಿಯರ ಎದುರು ಮಾತಾಡಬಾರದೆಂದು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದ ದಿನಗಳಲ್ಲಿ, ದೇಶವೇ ಹಿರಿಯರೆಂದು ಒಪ್ಪಿದವರ ಎದುರು ಇಪ್ಪತ್ತೇಳರ ತರುಣಿ ನಿಂತು ಮಾತಾಡಿದ್ದನ್ನು ನಾವು ಸಣ್ಣದೆಂದು ತಿಳಿಯಬಾರದು.

ಮುಂಬಯಿಯ ಕಡಲ ದಂಡೆಯಲ್ಲಿ ಉಪ್ಪು ತಯಾರಿಸಲು ಏಳು ಜನರ ತಂಡವಾಯಿತು. ಅದರಲ್ಲಿ ಇಬ್ಬರು ಹೆಂಗಸರು: ಕಮಲಾದೇವಿ, ಅವಂತಿಕಾಬಾಯಿ ಗೋಖಲೆ. ಒಲೆ ಹೂಡಿ ಸಮುದ್ರದ ನೀರು ಕಾಯಿಸಿ ಉಪ್ಪು ಮಾಡಿದರು. ಅದನ್ನು ಪೊಟ್ಟಣ ಕಟ್ಟಿ ಷೇರು ಪೇಟೆಗೆ ಕೊಂಡೊಯ್ದು ಹರಾಜು ಹಾಕಿದರು. ಕೊನೆಗೆ ನ್ಯಾಯಾಲಯದೊಳಗೇ ಹೋಗಿ, ಈ ಸ್ವಾತಂತ್ರ್ಯದ ಉಪ್ಪನ್ನು ಕೊಳ್ಳುವಿರಾ ಎಂದು ನ್ಯಾಯಾಧಿಕಾರಿಯನ್ನೇ ಕೇಳಿದರು. ಪೊಲೀಸರೊಡನೆ ನಡೆದ ನೂಕಾಟದಲ್ಲಿ ಧ್ವಜವನ್ನು ಅಪ್ಪಿಹಿಡಿದು ಬಿಡಲಿಲ್ಲ. ಪೊಲೀಸರು ಅವರನ್ನು ಸೆರೆಹಿಡಿದರು, ಜೈಲು ಶಿಕ್ಷೆಯಾಯಿತು. ಈ ಸತ್ಯಾಗ್ರಹದಲ್ಲಿ ಮೊದಲಿಗೆ ಸೆರೆಯಾದ ಮಹಿಳೆಯರಲ್ಲಿ ಅವರೊಬ್ಬರು. ಅವರ ಹಿಂದೆ ಸಾವಿರಾರು ಹೆಂಗಸರು ಹೊಸ್ತಿಲು ದಾಟಿ ಬಂದರು. ಒಬ್ಬಳೇ ಪೇಟೆಗೂ ಹೋಗಿರದ ಸೊಸೆಯಂದಿರು ಪೊಲೀಸು ವ್ಯಾನು ಹತ್ತಿದರು. ಎಷ್ಟೋ ಮನೆಗಳಲ್ಲಿ ಪೊಲೀಸರ ಲಾಠಿಗಿಂತ ಮನೆಯವರ ಮಾತನ್ನು ಮೀರುವುದೇ ಹೆಚ್ಚು ಕಷ್ಟವಾಗಿದ್ದಿರಬೇಕು.

ಕಾಂಗ್ರೆಸ್ ಸಮಾಜವಾದಿ ಪಕ್ಷದಲ್ಲಿ ಕಮಲಾದೇವಿಯವರ ಸಂಗಾತಿಯಾಗಿದ್ದವರು ರಾಮಮನೋಹರ ಲೋಹಿಯಾ. 1946ರ ಜೂನ್ 18ರಂದು ಅವರು ಮಡಗಾಂವದಲ್ಲಿ ಪೋರ್ತುಗೀಜರ ನಿಷೇಧ ಮುರಿದು ಸೆರೆಯಾದುದನ್ನು ಇಲ್ಲಿನ ಮಕ್ಕಳೆಲ್ಲ ಪಾಠದಲ್ಲಿ ಓದುತ್ತಾರೆ. ಮುಂದಿನ ದಿನಗಳಲ್ಲಿ ವತ್ಸಲಾ ಕೀರ್ತನಿ ಎಂಬ ತರುಣಿ ಮಡಗಾಂವದಲ್ಲಿ ಜನರ ನಡುವೆ ನಿಂತು ಘೋಷಣೆ ಕೂಗಿ ಪೊಲೀಸರ ವಶವಾದಳು. ಅವಳನ್ನು ಬಿಡಬೇಕೆಂದು ಊರಿನ ಹೆಂಗಸರು ಠಾಣೆಗೆ ನಡೆದುಹೋದರು. ಮುಂಬಯಿಯಲ್ಲಿ ಹತ್ತಿದ ಕಿಡಿ ಹದಿನಾರು ವರ್ಷಗಳ ಮೇಲೆ ಗೋವೆಯಲ್ಲಿಯೂ ಕಾಣಿಸಿತು.

ಕಮಲಾದೇವಿಯವರ ಎರಡನೆಯ ದಾಂಪತ್ಯ ಉಳಿಯಲಿಲ್ಲ. ಮಗ ರಾಮಕೃಷ್ಣನಿದ್ದನು. ಸಹಿಸಿಕೊಂಡು ಹೋಗೆಂದು ಹೇಳುವವರು ಯಾವ ಕಾಲಕ್ಕೂ ಇರುತ್ತಾರೆ. ಅವರು ನ್ಯಾಯಾಲಯದ ಮೂಲಕವೇ ಬೇರೆಯಾದರು. ಏಳರಲ್ಲಿ ಮನೆ ಕಳೆದ ಕಾಯಿದೆಯನ್ನೇ ಈ ಸಲ ತಮ್ಮ ಕೆಲಸಕ್ಕೆ ಬಳಸಿಕೊಂಡರೆನ್ನಬಹುದು.

ಸ್ವಾತಂತ್ರ್ಯ ಬಂದ ಮೇಲೆ ಅವರು ಅಧಿಕಾರದ ಕುರ್ಚಿ ಹುಡುಕಿಕೊಂಡು ಹೋಗಲಿಲ್ಲ. ದೇಶ ವಿಭಜನೆಯಿಂದ ನೆಲೆ ತಪ್ಪಿ ಬಂದವರಿಗಾಗಿ ಸಹಕಾರಿ ಸಂಘ ಕಟ್ಟಿ ಫರೀದಾಬಾದಿನಲ್ಲಿ ಊರೆಬ್ಬಿಸಲು ದುಡಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷರಾದರು. ಹಳ್ಳಿಹಳ್ಳಿ ಸುತ್ತಿ ನೇಯುವವರನ್ನು, ಕಸೂತಿ ಹಾಕುವವರನ್ನು, ಬೊಂಬೆ ಮಾಡುವವರನ್ನು ಕಂಡರು. ಈ ಕೆಲಸದಲ್ಲಿದ್ದವರು ಬಹುಪಾಲು ಹೆಂಗಸರು. ದುಡಿದ ಕಾಸು ಅವಳ ಕೈಗೇ ಬಂದರೆ ಮನೆಯಲ್ಲಿ ಅವಳ ಮಾತಿಗೆ ತೂಕ ಬರುತ್ತದೆ ಎಂಬುದನ್ನು ಗಿರಿಜಾಬಾಯಿಯ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಶಾರದಾ ಕಾಯಿದೆಯ ಕಥೆ ಅವರ ಬಾಳಿಗಿಂತಲೂ ಉದ್ದವಾಯಿತು. 1978ರಲ್ಲಿ ಹುಡುಗಿಯ ವಯಸ್ಸು 18ಕ್ಕೆ ಏರಿತು. ಪೊಲೀಸರಿಗೆ ತನಿಖೆಯ ಅಧಿಕಾರ ಬಂತು; ವಾರಂಟಿಲ್ಲದೆ ಹಿಡಿಯುವ ಅಧಿಕಾರ ಆಗಲೂ ಬರಲಿಲ್ಲ. ಅದು ಬಂದದ್ದು 2006ರ ಹೊಸ ಕಾಯಿದೆಯಿಂದ. ಅದೇ ವರ್ಷ ಸುಪ್ರೀಂ ಕೋರ್ಟು ಇನ್ನೊಂದು ಮಾತನ್ನೂ ಸ್ಪಷ್ಟಪಡಿಸಿತು: ಪ್ರಾಯಕ್ಕೆ ಬಂದ ಹೆಣ್ಣು ತನ್ನ ಇಷ್ಟದಂತೆ ಬೇರೆ ಜಾತಿಯವನನ್ನು ಮದುವೆಯಾದರೆ ಅವಳಿಗೆ ಯಾರೂ ತೊಂದರೆ ಕೊಡದಂತೆ ನೋಡಿಕೊಳ್ಳುವುದು ಪೊಲೀಸರ ಕರ್ತವ್ಯ. ಮನೆ ಬಿಟ್ಟ ಮಗಳನ್ನು ಹುಡುಕಿಕೊಡಿರೆಂದು ತಂದೆ ಠಾಣೆಯ ಮೆಟ್ಟಿಲು ಹತ್ತುವುದು ಈಗಲೂ ಉಂಟು. ಅವಳು ಸಿಕ್ಕಿದಾಗ ಹದಿನೆಂಟು ತುಂಬಿದ್ದರೆ ಎಲ್ಲಿಗೆ ಹೋಗುತ್ತೀಯೆಂದು ಅವಳನ್ನೇ ಕೇಳಬೇಕು, ತಂದೆಯನ್ನಲ್ಲ. ಇದನ್ನು ಒಪ್ಪುವುದು ಹೆತ್ತವರಿಗೆ ಸುಲಭವಲ್ಲವೆಂದು ನಾವು ಬಲ್ಲೆವು.

ಕಮಲಾದೇವಿಯವರಿಗೆ 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, 1987ರಲ್ಲಿ ಪದ್ಮವಿಭೂಷಣ. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತೈದು ವರ್ಷ.